ಚಿಗರಿ ಸತ್ತ ಮೇಲೆ: ಸಣ್ಣ ಮೃಗಾಲಯಗಳ ಪ್ರಶ್ನೆ

2025ರ ನವೆಂಬರಿನ ನಡುವೆ, ಬೆಳಗಾವಿ ಬಳಿಯ ಭೂತರಾಮನಹಟ್ಟಿಯಲ್ಲಿರುವ ಕಿತ್ತೂರು ರಾಣಿ ಚೆನ್ನಮ್ಮ ಕಿರು ಮೃಗಾಲಯದಲ್ಲಿ ಕೃಷ್ಣಮೃಗಗಳು, ನಮ್ಮ ಕಡೆಯ ಮಾತಿನಲ್ಲಿ ಚಿಗರಿಗಳು, ಸಾಯತೊಡಗಿದವು. ಮೊದಲು 8 ಸತ್ತವು. ಅದಾಗಿ ಎರಡು ದಿನಕ್ಕೆ ಇನ್ನೂ 20. ವಾರ ತುಂಬುವುದರೊಳಗೆ 38ರ ಹಿಂಡಿನಲ್ಲಿ 31 ಇರಲಿಲ್ಲ. ಬನ್ನೇರುಘಟ್ಟದಿಂದ ತಜ್ಞರು ಬಂದರು, ಅಂಗಾಂಶದ ಮಾದರಿಗಳು ಪ್ರಯೋಗಾಲಯಕ್ಕೆ ಹೋದವು, ಅರಣ್ಯ ಸಚಿವರು ತನಿಖೆಗೆ ಆದೇಶಿಸಿದರು. ಕಾರಣವೆಂದು ಹೊರಬಿದ್ದದ್ದು ಗಳಲೆ ರೋಗ. ಎಮ್ಮೆ ಕಟ್ಟಿದ ಯಾವ ರೈತನಿಗೂ ಈ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ.

ಸುರೇಬಾನ, ರಾಮದುರ್ಗ, ಸವದತ್ತಿ ಕಡೆಯವರಿಗೆ ಆ ಮೃಗಾಲಯ ಜಿಲ್ಲೆಯೊಳಗಿನದಾದರೂ ಮಗ್ಗುಲಿನದಲ್ಲ. ಯರಗಟ್ಟಿ ಹಾಯ್ದು, ಬೆಳಗಾವಿ ದಾಟಿ, ಚೆನ್ನಮ್ಮ ಹುಟ್ಟಿದ ಕಾಕತಿಯ ಆಚೆ ಹೆದ್ದಾರಿಯ ಬದಿಗೆ ಹೋಗಬೇಕು. ನೂರು ಕಿಲೋಮೀಟರಿಗೆ ಮಿಕ್ಕಿದ ಹಾದಿ. ಸುರೇಬಾನದಿಂದ ನೋಡಿದರೆ ನರಗುಂದದ ಮೇಲೆ ಗದಗಕ್ಕೆ ಹೋಗಿ ಬಿಂಕದಕಟ್ಟಿಯ ಮೃಗಾಲಯ ನೋಡಿ ಬರುವುದೇ ಸಲೀಸು. ಶಬರಿಕೊಳ್ಳ, ಗೊಡಚಿ, ನವಿಲುತೀರ್ಥ ಮುಗಿದ ಮೇಲೆ ಮಕ್ಕಳನ್ನು ಇನ್ನೆಲ್ಲಿಗೆ ಕರೆದೊಯ್ಯುವುದು ಎಂಬ ಮಾತು ಬಂದಾಗ ಈ ಎರಡು ಹೆಸರು ಏಳುತ್ತವೆ. ಮೈಸೂರು ದೊಡ್ಡ ಖರ್ಚಿನ ಮಾತು.

ಸಾವಿನ ಸುದ್ದಿ ಹಬ್ಬಿದಾಗ ಚರ್ಚೆ ಕೂಡಲೇ ಹಳೆಯ ಜಾಡಿಗೆ ಬಿತ್ತು. ಮುಚ್ಚಿರಿ ಎಂದರು ಕೆಲವರು. ಇನ್ನಷ್ಟು ಜಾಗ, ಹಣ ಕೊಡಿರಿ ಎಂದರು ಕೆಲವರು. ರೋಗಕ್ಕೆ ಯಾರು ಹೊಣೆ ಎಂದು ಕೈಚೆಲ್ಲಿದವರೂ ಇದ್ದರು. ಮೂರಕ್ಕೂ ಹಿಂದೆ ಉದ್ದನೆಯ ವಾದಗಳ ಇತಿಹಾಸವಿದೆ. ಅದನ್ನು ಒಂದು ಸುತ್ತು ನೋಡದೆ ಸಣ್ಣ ಮೃಗಾಲಯ ಇರಬೇಕೋ ಬೇಡವೋ ಎಂದು ತೀರ್ಪು ಕೊಡುವುದು ಅವಸರವಾದೀತು.

ಅರಮನೆಯ ತೋಟದಿಂದ ಹೆದ್ದಾರಿಯ ಬದಿಗೆ

ಕನ್ನಡ ನಾಡಿನಲ್ಲಿ ಮೃಗಾಲಯದ ಕಥೆ ಅರಮನೆಯಿಂದ ಶುರುವಾಗುತ್ತದೆ. 1892ರಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರು ಮೈಸೂರಿನಲ್ಲಿ ಅರಮನೆಯ ಮೃಗಾಲಯ ಕಟ್ಟಿಸಿದರು. ಆಗ ಅದರ ವಿಸ್ತಾರ ಹತ್ತು ಎಕರೆಯ ಆಸುಪಾಸು. 1909ರಲ್ಲಿ ಅದಕ್ಕೆ ಅವರದೇ ಹೆಸರು ಬಂತು. ಬೆಂಗಳೂರಿನ ಲಾಲ್‌ಬಾಗ್‌ನಲ್ಲೂ ಒಂದು ಕಾಲಕ್ಕೆ ಪ್ರಾಣಿಗಳಿದ್ದವು. ರಾಜನ ಬಳಿ ಹುಲಿ ಇರುವುದು ರಾಜ್ಯದ ಗತ್ತು, ಅದನ್ನು ಪ್ರಜೆಗಳು ನೋಡುವುದು ರಾಜನ ಔದಾರ್ಯ. ಹುಲಿಯ ಯೋಗಕ್ಷೇಮ ಕಾವಲಿನವರ ಪ್ರೀತಿಗೆ ಬಿಟ್ಟ ವಿಷಯವಾಗಿತ್ತು.

ಜಗತ್ತಿನಲ್ಲಿ ದೊಡ್ಡ ಬದಲಾವಣೆ ಬಂದದ್ದು 1907ರಲ್ಲಿ. ಪ್ರಾಣಿ ವ್ಯಾಪಾರಿ ಕಾರ್ಲ್ ಹಾಗನ್‌ಬೆಕ್ ಜರ್ಮನಿಯ ಹ್ಯಾಂಬರ್ಗ್ ಬಳಿ ಸರಳುಗಳ ಬದಲು ಕಂದಕ ತೋಡಿಸಿ, ಸಿಂಹವನ್ನು ಬಯಲಿನಲ್ಲಿ ನಿಂತಂತೆ ಕಾಣಿಸಿದ. ನೋಡುವವನ ಮನಸ್ಸು ಹಗುರಾಯಿತು. ಸಿಂಹಕ್ಕೆ ಸಿಕ್ಕ ಜಾಗ ಎಷ್ಟು ಹೆಚ್ಚಿತು ಎಂಬುದು ಬೇರೆಯೇ ಲೆಕ್ಕ. ಕಂಬಿ ಕಾಣದಿದ್ದರೆ ಪ್ರಾಣಿ ಸುಖವಾಗಿದೆ ಎಂದು ನಂಬುವ ಚಾಳಿ ಅಲ್ಲಿಂದ ಬಂದದ್ದು, ಇವತ್ತಿಗೂ ಬಿಟ್ಟಿಲ್ಲ.

ಸ್ವಾತಂತ್ರ್ಯಾನಂತರ ನಮ್ಮಲ್ಲಿ ಇನ್ನೊಂದು ಬಗೆ ಹುಟ್ಟಿಕೊಂಡಿತು. ಪುರಸಭೆಯ ಉದ್ಯಾನದ ಮೂಲೆಯಲ್ಲಿ ನಾಲ್ಕು ಜಿಂಕೆ, ಒಂದು ಮಂಗನ ಪಂಜರ, ನವಿಲಿನ ಬೋನು. ಆಸ್ಪತ್ರೆ, ಕಾರ್ಖಾನೆಗಳ ಆವರಣದಲ್ಲೂ ಜಿಂಕೆವನಗಳು ಬಂದವು. ಯಾರಾದರೂ ತಂದುಕೊಟ್ಟ ಮರಿ, ಬಾವಿಗೆ ಬಿದ್ದು ಸಿಕ್ಕ ಜಿಂಕೆ, ಹೀಗೆ ಕೂಡಿಬಂದ ಸಂಸಾರ. ಯೋಜನೆ ಇರಲಿಲ್ಲ, ವೈದ್ಯರಿರಲಿಲ್ಲ. ಗಂಡು ಹೆಣ್ಣು ಕೂಡಿದ್ದಲ್ಲಿ ಹಿಂಡು ಬೆಳೆಯುತ್ತ ಹೋಯಿತು. ಬಿಂಕದಕಟ್ಟಿ, ಭೂತರಾಮನಹಟ್ಟಿ, ದಾವಣಗೆರೆಯ ಆನಗೋಡು, ಚಿತ್ರದುರ್ಗದ ಆಡುಮಲ್ಲೇಶ್ವರ ಇವೆಲ್ಲ ಅರಣ್ಯ ಇಲಾಖೆಯ ನೆರಳಿನಲ್ಲಿ, ಸ್ವಲ್ಪ ಹೆಚ್ಚು ಶಿಸ್ತಿನಿಂದ ಬೆಳೆದವು. ಭೂತರಾಮನಹಟ್ಟಿಯ ಮೃಗಾಲಯ 1980ರ ದಶಕದ ಕೊನೆಗೆ ತಲೆಯೆತ್ತಿತು. 2021ರಲ್ಲಿ ಅಲ್ಲಿಗೆ ಬನ್ನೇರುಘಟ್ಟದಿಂದ ಸಿಂಹಗಳು ಬಂದ ಮೇಲೆ ಜನ ಮುಗಿಬಿದ್ದರು.

1991ರ ತಿರುವು

ಕೇಂದ್ರ ಸರ್ಕಾರ 1991ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ತಂದು ಮೃಗಾಲಯಗಳಿಗೇ ಒಂದು ಅಧ್ಯಾಯ ಸೇರಿಸಿತು. ಮರುವರ್ಷ ಕೇಂದ್ರ ಮೃಗಾಲಯ ಪ್ರಾಧಿಕಾರ ಬಂತು. ಅದರ ಮಾನ್ಯತೆ ಇಲ್ಲದೆ ಯಾರೂ ಮೃಗಾಲಯ ನಡೆಸುವಂತಿಲ್ಲ. ಪ್ರಾಧಿಕಾರ ತಪಾಸಣೆ ಮಾಡಿದ 347 ತಾಣಗಳಲ್ಲಿ 164ಕ್ಕೆ ಮಾತ್ರ ಮಾನ್ಯತೆ ಸಿಕ್ಕಿತು, 183ಕ್ಕೆ ಸಿಗಲಿಲ್ಲ. ಅರ್ಧಕ್ಕಿಂತ ಹೆಚ್ಚು ತಾಣ ಪ್ರಾಣಿ ಸಾಕಲು ಲಾಯಕ್ಕಿಲ್ಲ ಎಂದು ಸರ್ಕಾರವೇ ಒಪ್ಪಿಕೊಂಡ ಲೆಕ್ಕ ಇದು. ಮೃಗಾಲಯದ ಪ್ರಾಣಿಗೆ ತಿನ್ನಲು ಎಸೆಯುವುದು, ಕಲ್ಲು ಹೊಡೆಯುವುದು, ಕೆಣಕುವುದು ಕೂಡ ಅದೇ ಕಾಯ್ದೆಯಡಿ ಅಪರಾಧ. ಶೇಂಗಾ ಎಸೆಯುವ ನಮ್ಮ ಪೈಕಿ ಎಷ್ಟು ಮಂದಿಗೆ ಇದು ಗೊತ್ತಿದೆಯೋ!

ಸರ್ಕಸ್ಸಿನಲ್ಲಿ ಹುಲಿ, ಸಿಂಹ, ಚಿರತೆ, ಕರಡಿ, ಮಂಗಗಳ ಆಟ ನಿಂತದ್ದೂ ಇದೇ ಕಾಲದ ಮಾತು. 1998ರ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ 2001ರಲ್ಲಿ ಎತ್ತಿಹಿಡಿಯಿತು. 2009ರಲ್ಲಿ ಪ್ರಾಧಿಕಾರ ಆನೆಗಳನ್ನು ಮೃಗಾಲಯಗಳಿಂದ ತೆರವು ಮಾಡಿ ಎಂದು ಹೇಳಿತು. ಅದು ಪೂರ್ತಿ ಜಾರಿಯಾಗಲೇ ಇಲ್ಲ, ಮೈಸೂರಿನಲ್ಲಿ ಇವತ್ತೂ ಆನೆ ನೋಡಬಹುದು.

ಈ ನಿಯಮಗಳಲ್ಲಿ ಸಣ್ಣ ತಾಣಗಳಿಗೆ ಒಂದು ರಿಯಾಯಿತಿ ಅಡಗಿದೆ. ದೊಡ್ಡ ಮೃಗಾಲಯಕ್ಕೆ ಪೂರ್ಣಾವಧಿ ಪಶುವೈದ್ಯರು ಕಡ್ಡಾಯ. ಕಿರು ಮೃಗಾಲಯವಾದರೆ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯ ಅಥವಾ ಖಾಸಗಿ ವೈದ್ಯರು ದಿನಕ್ಕೊಮ್ಮೆ ಬಂದು ಹೋಗುವ ಏರ್ಪಾಡಿದ್ದರೂ ನಡೆಯುತ್ತದೆ. ಖರ್ಚಿನ ದೃಷ್ಟಿಯಿಂದ ಇದು ಸರಿಯೇ ಕಾಣುತ್ತದೆ. ಎಮ್ಮೆಯ ಕೆಚ್ಚಲು ಬಾವು ನೋಡಿ ಬಂದವರು ಅದೇ ಬೆಳಿಗ್ಗೆ ಸಿಂಹದ ಉಸಿರಾಟ ನೋಡಬೇಕು, ಅಷ್ಟೆ. ಎರಡಕ್ಕೂ ಒಂದೇ ಪದವಿ ಸಾಕು ಎಂದು ಕಾನೂನು ನಂಬಿದೆ.

ತಳಿ ಉಳಿಸುವ ವಾದ

ಮೃಗಾಲಯವನ್ನು ಸಮರ್ಥಿಸುವವರು ಮೊದಲು ಎತ್ತುವುದು ಸಂರಕ್ಷಣೆಯ ಮಾತನ್ನು. ಅದಕ್ಕೆ ಗಟ್ಟಿ ಉದಾಹರಣೆಗಳಿವೆ. ಅರೇಬಿಯಾದ ಆರಿಕ್ಸ್ ಎಂಬ ಬಿಳಿ ಚಿಗರಿ ಕಾಡಿನಲ್ಲಿ ನಿರ್ನಾಮವಾಗಿತ್ತು. ಅಮೆರಿಕದ ಫೀನಿಕ್ಸ್ ಮೃಗಾಲಯದಲ್ಲಿ 1963ರಿಂದ ಬೆಳೆಸಿದ ಹಿಂಡಿನ ಸಂತತಿಯನ್ನು 1982ರಲ್ಲಿ ಓಮಾನಿನ ಮರುಭೂಮಿಗೆ ಬಿಟ್ಟರು. ಜೆರಾಲ್ಡ್ ಡರೆಲ್ 1959ರಲ್ಲಿ ಜರ್ಸಿ ದ್ವೀಪದಲ್ಲಿ ಮೃಗಾಲಯ ತೆರೆದದ್ದೇ ಅಳಿವಿನಂಚಿನ ಸಣ್ಣ ಪ್ರಾಣಿಗಳಿಗಾಗಿ. ನಮ್ಮಲ್ಲೂ ಡಾರ್ಜಿಲಿಂಗಿನ ಕೆಂಪು ಪಾಂಡಾ, ಅಸ್ಸಾಮಿನ ಕುಬ್ಜ ಹಂದಿಯ ಕೆಲಸ ಮೆಚ್ಚುವಂಥದ್ದು.

ಆದರೆ ಈ ವಾದವನ್ನು ಭೂತರಾಮನಹಟ್ಟಿಗೆ ಹಚ್ಚಿ ನೋಡಿದರೆ ಹೆಚ್ಚು ಏನೂ ಉಳಿಯುವುದಿಲ್ಲ. ಕೃಷ್ಣಮೃಗಕ್ಕೆ ಕಾನೂನಿನ ಅತ್ಯುಚ್ಚ ರಕ್ಷಣೆ ಇರುವುದು ನಿಜ, ಅದರ ತಳಿ ಮಾತ್ರ ಅಳಿವಿನಂಚಿನಲ್ಲಿಲ್ಲ. ರಾಣೆಬೆನ್ನೂರಿನ 119 ಚದರ ಕಿ.ಮೀ. ಅಭಯಾರಣ್ಯ 1974ರಿಂದ ಅದಕ್ಕೆಂದೇ ಇದೆ. ಗದಗ, ಕೊಪ್ಪಳ, ಹಾವೇರಿಯ ಎರೆ ಹೊಲಗಳಲ್ಲಿ ಹಿಂಡು ಹಿಂಡಾಗಿ ಬಂದು ಕಡಲೆ, ಹೆಸರು ಮೇಯುತ್ತವೆ ಎಂಬ ರೈತರ ದೂರು ಪ್ರತಿ ಹಂಗಾಮಿನದು. ಪಕ್ಕದ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯನ್ನು 2016ರಲ್ಲಿ ಚಿಂಕಾರ ಧಾಮವೆಂದು ಸಾರಲಾಯಿತು. ಅಂದರೆ ಈ ಸೀಮೆಯ ಚಿಗರಿ, ಚಿಂಕಾರ ಉಳಿಯುವುದಿದ್ದರೆ ಬಯಲಿನಲ್ಲೇ ಉಳಿಯಬೇಕು. ಬೇಲಿಯೊಳಗಿನ 38 ಚಿಗರಿ ತಳಿಯ ಭವಿಷ್ಯಕ್ಕೆ ಹೆಚ್ಚಿನದೇನನ್ನೂ ಕೂಡಿಸುತ್ತಿರಲಿಲ್ಲ. ಸಿಂಹದ ಮಾತಂತೂ ಬೇಡ. ಬೆಳಗಾವಿಯಲ್ಲಿ ಸಿಂಹ ಇರುವುದು ಟಿಕೆಟ್ಟಿಗಾಗಿ. ಅದನ್ನು ಸಂರಕ್ಷಣೆ ಎಂದು ಕರೆಯುವುದು ನನಗೆ ಒಪ್ಪಿತವಲ್ಲ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ತೊಡಕಿದೆ. ಜಿಂಕೆ ಜಾತಿಯವು ಬೇಲಿಯೊಳಗೆ ಬೇಗ ಹೆಚ್ಚುತ್ತವೆ. ಹೆಚ್ಚಾದದ್ದನ್ನು ಏನು ಮಾಡುವುದು? ಡೆನ್ಮಾರ್ಕಿನ ಕೋಪನ್‌ಹೇಗನ್ ಮೃಗಾಲಯ 2014ರ ಫೆಬ್ರುವರಿಯಲ್ಲಿ ಮಾರಿಯಸ್ ಎಂಬ ಆರೋಗ್ಯವಂತ ಜಿರಾಫೆ ಮರಿಯನ್ನು ಕೊಂದು, ಜನರೆದುರೇ ಕೊಯ್ದು, ಸಿಂಹಗಳಿಗೆ ಹಾಕಿತು. ಜಗತ್ತು ಬೆಚ್ಚಿತು, ಮೃಗಾಲಯ ತನ್ನ ತರ್ಕ ಬಿಡಲಿಲ್ಲ. ನಮ್ಮ ಕಾನೂನು, ನಮ್ಮ ಮನಸ್ಸು ಎರಡೂ ಅದಕ್ಕೆ ಒಪ್ಪವು. ಹಾಗಾಗಿ ನಮ್ಮಲ್ಲಿ ಉಳಿದ ದಾರಿ ಒಂದು ಮೃಗಾಲಯದಿಂದ ಇನ್ನೊಂದಕ್ಕೆ ಸಾಗಿಸುವುದು. ಸಾಗಣೆಯಲ್ಲಿ ಏನಾಗಬಹುದು ಎಂಬುದಕ್ಕೆ 2023ರ ಸೆಪ್ಟೆಂಬರ್ ಸಾಕ್ಷಿ. ಬೆಂಗಳೂರಿನ ಆಸ್ಪತ್ರೆಯೊಂದರ ಆವರಣದಿಂದ ಬನ್ನೇರುಘಟ್ಟಕ್ಕೆ ತಂದ ಚುಕ್ಕೆ ಜಿಂಕೆಗಳಲ್ಲಿ ಹತ್ತಕ್ಕೂ ಹೆಚ್ಚು ಸತ್ತವು.

ನೋಡಿ ಕಲಿಯುವ ವಾದ

ಎರಡನೆಯ ಸಮರ್ಥನೆ ಮಕ್ಕಳದು. ನೋಡದ್ದನ್ನು ಪ್ರೀತಿಸುವುದು ಹೇಗೆ ಎಂದು ಅದು ಕೇಳುತ್ತದೆ. ಬಂಡೀಪುರದ ಸಫಾರಿಗೆ ದುಡ್ಡು ಕೊಡಲಾರದ ಕೂಲಿಯವನ ಮಗಳೂ ಮೂವತ್ತು ನಲವತ್ತು ಅಡಿ ದೂರದಿಂದ ಚಿರತೆಯ ಕಣ್ಣು ನೋಡುತ್ತಾಳೆ. ಸಣ್ಣ ಮೃಗಾಲಯದ ಪರವಾಗಿ ಇರುವ ಅತ್ಯಂತ ಪ್ರಾಮಾಣಿಕ ವಾದ ಇದೇ ಎಂದು ನನ್ನ ಎಣಿಕೆ. ದೊಡ್ಡ ಮೃಗಾಲಯ ಮೈಸೂರು, ಬೆಂಗಳೂರಿನಲ್ಲಿ ಮಾತ್ರ ಇರಲಿ ಎನ್ನುವವರು ಆ ಊರುಗಳಲ್ಲೇ ಇರುವವರು.

ಕಲಿಕೆ ನಿಜಕ್ಕೂ ಆಗುತ್ತದೆಯೇ? 2007ರಲ್ಲಿ ಅಮೆರಿಕದ ಮೃಗಾಲಯಗಳ ಒಕ್ಕೂಟ ಹೊರತಂದ ಅಧ್ಯಯನ ಆಗುತ್ತದೆ ಎಂದಿತು. 2010ರಲ್ಲಿ ಲೋರಿ ಮರೀನೊ ಮತ್ತು ಸಂಗಡಿಗರು ಅದರ ವಿಧಾನದಲ್ಲೇ ಹುಳುಕಿದೆ ಎಂದು ತೋರಿಸಿದರು. ಲಂಡನ್ ಮೃಗಾಲಯಕ್ಕೆ ಬಂದ ಶಾಲಾ ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನಡುದಾರಿಯ ಫಲಿತಾಂಶ ಕೊಟ್ಟಿತು. ವಿವರಿಸಿ ಹೇಳುವ ಶಿಕ್ಷಕರು ಜೊತೆಗಿದ್ದ ಮಕ್ಕಳಲ್ಲಿ ಕಲಿಕೆ ಹೆಚ್ಚು, ತಮ್ಮಷ್ಟಕ್ಕೆ ಸುತ್ತಿದವರಲ್ಲಿ ಕಡಿಮೆ. ನಮ್ಮ ಶಾಲಾ ಪ್ರವಾಸಗಳನ್ನು ನೆನೆದರೆ ಇದರ ಅರ್ಥ ಹೊಳೆಯುತ್ತದೆ. ಬಸ್ಸಿನಿಂದಿಳಿದ ಮಕ್ಕಳು ಸಾಲುಗಟ್ಟಿ ಸಿಂಹದ ಮುಂದೆ ನಿಲ್ಲುತ್ತಾರೆ. ಅದು ಮಲಗಿರುತ್ತದೆ. ಯಾರೋ ಚಪ್ಪಾಳೆ ತಟ್ಟುತ್ತಾರೆ, ಯಾರೋ ಸಿಳ್ಳೆ ಹಾಕುತ್ತಾರೆ, ಅಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಚಿಗರಿಯ ಗಂಡು ಕಪ್ಪಗೆ, ಹೆಣ್ಣು ಕಂದಾಗಿ ಏಕಿವೆ ಎಂದು ಹೇಳುವವರು ಯಾರಾದರೂ ಇದ್ದರೆ ಕಲಿಕೆ. ಇಲ್ಲದಿದ್ದರೆ ಅದು ಮನರಂಜನೆ, ಪ್ರಾಣಿಗಂತೂ ಅದೂ ಅಲ್ಲ.

ಪ್ರಾಣಿಯ ಕಡೆಯಿಂದ ನೋಡುವವರು

ಮೂರನೆಯ ಪಂಥಕ್ಕೆ ಮೃಗಾಲಯ ಇರಬೇಕೋ ಬೇಡವೋ ಎಂಬುದು ಮುಖ್ಯವಲ್ಲ. ಒಳಗಿರುವ ಪ್ರಾಣಿಗೆ ಹೇಗಿದೆ ಎಂಬುದಷ್ಟೇ ಅದರ ಪ್ರಶ್ನೆ. ಸ್ವಿಟ್ಜರ್ಲೆಂಡಿನ ಮೃಗಾಲಯಗಳನ್ನು ನಡೆಸಿದ ಹೈನಿ ಹೆಡಿಗರ್ 1942ರಲ್ಲೇ ಈ ವಿಷಯದ ಮೇಲೆ ಪುಸ್ತಕ ಬರೆದ. ಪ್ರತಿ ಪ್ರಾಣಿಗೂ ಒಂದು ಓಟದ ದೂರ ಇದೆ ಎಂದು ಅವನು ಗುರುತಿಸಿದ. ಅಷ್ಟು ಹತ್ತಿರ ಯಾರಾದರೂ ಬಂದರೆ ಅದು ಓಡಲೇಬೇಕು. ಓಡಲು ಜಾಗವಿಲ್ಲದ ಬೇಲಿಯಲ್ಲಿ ಅದು ಸದಾ ದಿಗಿಲಿನಲ್ಲೇ ಬದುಕುತ್ತದೆ. ಬಯಲಿನಲ್ಲಿ ಗಂಟೆಗೆ 80 ಕಿ.ಮೀ.ವರೆಗೂ ಓಡುವ ಚಿಗರಿಗೆ ಈ ಮಾತು ಎಷ್ಟು ತಾಗುತ್ತದೆ ಎಂದು ಬೇರೆ ಹೇಳಬೇಕೆ? ಹೆಡಿಗರ್ ಇದರ ಜೊತೆಗೇ ಇನ್ನೊಂದು ಮಾತು ಹೇಳಿದ. ಕಾಡಿನ ಪ್ರಾಣಿ ನಾವು ಅಂದುಕೊಂಡಷ್ಟು ಸ್ವತಂತ್ರವಲ್ಲ, ತನ್ನ ಎಲ್ಲೆ, ಹಸಿವು, ವೈರಿಗಳಿಗೆ ಅದು ಕಟ್ಟುಬಿದ್ದಿರುತ್ತದೆ. ಹಾಗಾಗಿ ಜಾಗದ ಅಳತೆಗಿಂತ ಜಾಗದ ಗುಣ ಮುಖ್ಯ. ಮೃಗಾಲಯದವರು ಈ ಎರಡನೆಯ ಮಾತನ್ನು ಮಾತ್ರ ಚೆನ್ನಾಗಿ ನೆನಪಿಟ್ಟುಕೊಂಡಿದ್ದಾರೆ.

ಆಮೇಲೆ ಬಂದದ್ದು ಐದು ಸ್ವಾತಂತ್ರ್ಯಗಳ ಸೂತ್ರ: ಹಸಿವು ಬಾಯಾರಿಕೆ, ಇರಸುಮುರಸು, ನೋವು ರೋಗ, ಭಯ ಸಂಕಟ ಇವುಗಳಿಂದ ಮುಕ್ತಿ, ಜೊತೆಗೆ ತನ್ನ ಸಹಜ ನಡವಳಿಕೆಗೆ ಅವಕಾಶ. ಇದರ ಬೇರು ಬ್ರಿಟನ್ನಿನ 1965ರ ಬ್ರಾಂಬೆಲ್ ವರದಿಯಲ್ಲಿದೆ. ಅದು ಕೋಳಿ ಫಾರ್ಮು, ಹಂದಿ ದೊಡ್ಡಿಗಳ ಮೇಲೆ ಬರೆದ ವರದಿ. ಮೃಗಾಲಯಕ್ಕೆ ಸೂತ್ರ ಬಂದದ್ದು ಕೊಟ್ಟಿಗೆಯಿಂದ! 1990ರ ದಶಕದಿಂದೀಚೆ ನ್ಯೂಜಿಲೆಂಡಿನ ಡೇವಿಡ್ ಮೆಲ್ಲರ್ ಇದನ್ನು ಮುಂದಕ್ಕೊಯ್ದರು. ಸಂಕಟ ಇಲ್ಲದಿದ್ದರೆ ಸಾಲದು, ಪ್ರಾಣಿಗೆ ಹಿತವಾದ ಅನುಭವವೂ ಸಿಗಬೇಕು ಎಂಬುದು ಅವರ ವಾದ. ಮೇವು ಹುಡುಕಿ ತಿನ್ನುವಂತೆ ಮಾಡುವುದು, ಮರದ ದಿಮ್ಮಿ, ಕೆಸರು, ಅಡಗುವ ತಾಣ ಒದಗಿಸುವುದು ಎಲ್ಲ ಈ ಚಿಂತನೆಯ ಫಲ. ಖರ್ಚು ಕಡಿಮೆ. ಬೇಕಾದದ್ದು ದಿನವೂ ಯೋಚಿಸುವ ಕಾವಲುಗಾರ.

2003ರಲ್ಲಿ ರಾಸ್ ಕ್ಲಬ್ ಮತ್ತು ಜಾರ್ಜಿಯಾ ಮೇಸನ್ ಪ್ರಕಟಿಸಿದ ಅಧ್ಯಯನ ಈ ಪಂಥಕ್ಕೆ ಅಂಕಿಗಳ ಬಲ ಕೊಟ್ಟಿತು. ಕಾಡಿನಲ್ಲಿ ದೂರ ದೂರ ಅಲೆಯುವ ಮಾಂಸಾಹಾರಿಗಳು ಮೃಗಾಲಯದಲ್ಲಿ ಅತ್ತಿಂದಿತ್ತ ಒಂದೇ ಜಾಡಿನಲ್ಲಿ ಹೆಚ್ಚು ತಿರುಗುತ್ತವೆ, ಅವುಗಳ ಮರಿಗಳೂ ಹೆಚ್ಚು ಸಾಯುತ್ತವೆ. ಕಡಿಮೆ ಅಲೆಯುವ ಜಾತಿಗಳಲ್ಲಿ ಈ ತೊಂದರೆ ಅಷ್ಟಿಲ್ಲ. ಸಣ್ಣ ಮೃಗಾಲಯ ನಡೆಸುವವರಿಗೆ ಇಷ್ಟು ಸ್ಪಷ್ಟವಾದ ಸಲಹೆ ಇನ್ನೊಂದಿಲ್ಲ. ಜಾಗ ಕಡಿಮೆ ಇದ್ದರೆ ಅಲೆಯುವ ಪ್ರಾಣಿ ತರಬೇಡಿ. ನಮ್ಮಲ್ಲಿ ನಡೆದದ್ದು ಉಲ್ಟಾ. ಮೊಸಳೆ, ಆಮೆ, ಹೆಬ್ಬಾವು, ಪುನುಗು ಬೆಕ್ಕು, ಮುಳ್ಳುಹಂದಿ ಸಾಕುತ್ತಿದ್ದ ತಾಣಗಳಿಗೆ ದರ್ಜೆ ಏರಿಸುವ ಹೆಸರಿನಲ್ಲಿ ಹುಲಿ ಸಿಂಹ ಬಂದವು.

ದೊಡ್ಡದಾದರೆ ಎಲ್ಲ ಸರಿ ಎಂಬ ಭ್ರಮೆಗೂ ಈ ಪಂಥದ ಬಳಿ ಉತ್ತರವಿದೆ. 2004ರಲ್ಲಿ ಮೈಸೂರಿನಲ್ಲಿ ಆನೆಗಳು ಅನುಮಾನಾಸ್ಪದವಾಗಿ ಸತ್ತವು, ವಿಷಪ್ರಾಶನದ ಶಂಕೆ ಎದ್ದಿತು. 2017ರ ಜನವರಿಯಲ್ಲಿ ಹಕ್ಕಿಜ್ವರದಿಂದ ಅದೇ ಮೃಗಾಲಯ ಸುಮಾರು ಒಂದು ತಿಂಗಳು ಬಾಗಿಲು ಹಾಕಿತು. 2023ರಲ್ಲಿ ಬನ್ನೇರುಘಟ್ಟದಲ್ಲಿ 7 ಚಿರತೆ ಮರಿಗಳು ವೈರಾಣು ಸೋಂಕಿಗೆ ಬಲಿಯಾದವು.

ಮುಚ್ಚಿಬಿಡಿ ಎನ್ನುವವರು

ಅಮೆರಿಕದ ದಾರ್ಶನಿಕ ಡೇಲ್ ಜೇಮಿಸನ್ 1985ರಲ್ಲಿ ಬರೆದ ಪ್ರಬಂಧದಿಂದೀಚೆ ಈ ಪಂಥದ ವಾದ ಬಹಳ ಬದಲಾಗಿಲ್ಲ. ಪ್ರಾಣಿಯನ್ನು ಅದರ ಬದುಕಿನಿಂದ ಕಿತ್ತು ತರುವುದೇ ತಪ್ಪು, ಆ ತಪ್ಪನ್ನು ಮರೆಸುವಷ್ಟು ಲಾಭ ಮೃಗಾಲಯದಿಂದ ಬಂದಿಲ್ಲ ಎಂಬುದು ಅದರ ತಿರುಳು. ಬ್ಯೂನಸ್ ಐರಿಸ್ ನಗರ 2016ರಲ್ಲಿ ತನ್ನ ಹಳೆಯ ಮೃಗಾಲಯ ಮುಚ್ಚಿತು. ಕೋಸ್ಟರಿಕಾ 2013ರಲ್ಲಿ ಸರ್ಕಾರಿ ಮೃಗಾಲಯಗಳನ್ನು ಮುಚ್ಚುವುದಾಗಿ ಸಾರಿ, ಕೋರ್ಟು ಕಚೇರಿ ಅಲೆದು, 2024ರಲ್ಲಿ ಮುಚ್ಚಿತು. ನಿರ್ಧಾರಕ್ಕೂ ಜಾರಿಗೂ ನಡುವೆ 11 ವರ್ಷ.

ನಮ್ಮ ನ್ಯಾಯಾಲಯಗಳೂ ಈ ಹೊಸ್ತಿಲವರೆಗೆ ಬಂದಿವೆ. 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಐದು ಸ್ವಾತಂತ್ರ್ಯಗಳನ್ನು ಪ್ರಾಣಿಗಳ ಹಕ್ಕೆಂದು ಓದಿತು. 2023ರಲ್ಲಿ ಸಂವಿಧಾನ ಪೀಠ ಜಲ್ಲಿಕಟ್ಟು, ಕಂಬಳದ ರಾಜ್ಯ ಕಾನೂನುಗಳನ್ನು ಎತ್ತಿಹಿಡಿದು, ಪ್ರಾಣಿಗಳಿಗೆ ಮೂಲಭೂತ ಹಕ್ಕಿದೆ ಎಂಬ ವಾದವನ್ನು ಒಪ್ಪಲಿಲ್ಲ. ಮುಚ್ಚುವ ಪಂಥ ಉತ್ತರಿಸದೆ ಬಿಟ್ಟ ಪ್ರಶ್ನೆ ಒಂದೇ: ಬೋನಿನಲ್ಲೇ ಹುಟ್ಟಿದ ಸಿಂಹವನ್ನು ಎಲ್ಲಿ ಬಿಡುವುದು?

ಆಸರೆಯಾಗಿ ಮೃಗಾಲಯ

ಈ ಪ್ರಶ್ನೆಗೆ ಉತ್ತರವಾಗಿ ಬಂದದ್ದು ಐದನೆಯ ಪಂಥ. ಮೃಗಾಲಯವನ್ನು ಆಶ್ರಯಧಾಮ ಮಾಡಿರಿ ಎನ್ನುತ್ತದೆ ಅದು. 2022ರ ಆಗಸ್ಟಿನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನಕ್ಕೆ ಚಿರತೆ ಹೊಕ್ಕದ್ದು ಜಿಲ್ಲೆಯವರಿಗೆಲ್ಲ ನೆನಪಿದೆ. ಸುತ್ತಲಿನ ಶಾಲೆಗಳಿಗೆ ರಜೆ, ಸಕ್ರೆಬೈಲಿನಿಂದ ಆನೆಗಳು, ಬೋನುಗಳು, ಬಲೆಗಳು. ಚಿರತೆ ಸಿಗಲೇ ಇಲ್ಲ. ಸಿಕ್ಕಿದ್ದರೆ ಅದನ್ನು ಎಲ್ಲಿಡಬೇಕಿತ್ತು? ಕಬ್ಬಿನ ಗದ್ದೆಯಲ್ಲಿ ಸಿಗುವ ಮರಿಗಳು, ಬಾವಿಗೆ ಬಿದ್ದ ತೋಳ, ತಂತಿಗೆ ಸಿಕ್ಕ ನವಿಲು, ಉರುಳಿಗೆ ಬಿದ್ದ ಕಾಡುಹಂದಿ ಇವಕ್ಕೆಲ್ಲ ಉತ್ತರ ಕರ್ನಾಟಕದಲ್ಲಿ ಜಾಗ ಬೇಕು. ಮೈಸೂರು ಬಳಿಯ ಕೂರ್ಗಳ್ಳಿಯಲ್ಲಿ ಅಂಥ ಪುನರ್ವಸತಿ ಕೇಂದ್ರ ಇದೆ. 2025ರ ಕೊನೆಗೆ ಬಂಡೀಪುರ, ನಾಗರಹೊಳೆಯ ಅಂಚಿನಲ್ಲಿ ಹುಲಿ ದಾಳಿ ಹೆಚ್ಚಿ ಸಫಾರಿಯನ್ನೇ ನಿಲ್ಲಿಸಿದಾಗ, ಹಿಡಿದ ಹುಲಿಗಳಿಗೆ ಜಾಗ ಹೊಂದಿಸುವುದು ಎಷ್ಟು ಕಷ್ಟ ಎಂಬುದು ಕಾಣಿಸಿತು.

ಇದರ ಅತಿ ದೊಡ್ಡ, ಅತಿ ಶ್ರೀಮಂತ ರೂಪ ಗುಜರಾತಿನ ಜಾಮ್‌ನಗರದ ವಂತಾರ. 2025ರ ಮಾರ್ಚಿನಲ್ಲಿ ಪ್ರಧಾನಿ ಉದ್ಘಾಟಿಸಿದರು. ಪ್ರಾಣಿಗಳನ್ನು ತಂದ ಬಗೆಯ ಮೇಲೆ ಆಕ್ಷೇಪ ಎದ್ದು ಸುಪ್ರೀಂ ಕೋರ್ಟ್ ವಿಶೇಷ ತಂಡ ನೇಮಿಸಿತು, ಸೆಪ್ಟೆಂಬರಿನಲ್ಲಿ ದೋಷವಿಲ್ಲವೆಂಬ ವರದಿ ಬಂತು. ಅಷ್ಟು ಹಣವಿದ್ದಲ್ಲಿ ಏನು ಸಾಧ್ಯ ಎಂಬುದು ಭೂತರಾಮನಹಟ್ಟಿಗೆ ಮಾದರಿಯಾಗದು. ನಮ್ಮ ಮೃಗಾಲಯಗಳು ಟಿಕೆಟ್ ಹಣದ ಮೇಲೆ ಬದುಕುತ್ತವೆ. ಕೋವಿಡ್ ಕಾಲದಲ್ಲಿ ಗೇಟು ಮುಚ್ಚಿ ಕೈ ಖಾಲಿಯಾದಾಗ, 2021ರ ಜೂನಿನಲ್ಲಿ ನಟ ದರ್ಶನ್ ಕರೆಕೊಟ್ಟ ಮೇಲೆ ಜನ ಪ್ರಾಣಿಗಳನ್ನು ದತ್ತು ಪಡೆದು ಕೋಟಿಗಟ್ಟಲೆ ಹಣ ಕೊಟ್ಟರು. ಆಸರೆಯ ಪಂಥಕ್ಕೆ ಇರುವ ನಿಜವಾದ ಕಷ್ಟ ಇಲ್ಲಿದೆ. ಕಾಲು ಮುರಿದ ನರಿ ನೋಡಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ, ನರಿಯ ಔಷಧಿಯ ಖರ್ಚನ್ನು ಸಿಂಹ ದುಡಿದು ಕೊಡಬೇಕು.

ಗಳಲೆ ರೋಗ ಹೇಳುವುದು

ಈ ಐದೂ ವಾದಗಳನ್ನು ನವೆಂಬರಿನ ಆ ವಾರದ ಮುಂದೆ ನಿಲ್ಲಿಸಿ ನೋಡಬೇಕು. ಗಳಲೆ ರೋಗಕ್ಕೆ ಕಾರಣ ಪಾಶ್ಚುರೆಲ್ಲಾ ಮಲ್ಟೋಸಿಡಾ ಎಂಬ ಬ್ಯಾಕ್ಟೀರಿಯಾ. ಆರೋಗ್ಯವಾಗಿ ಕಾಣುವ ದನಗಳ ಗಂಟಲಲ್ಲೂ ಅದು ಸುಮ್ಮನೆ ಕೂತಿರಬಹುದು. ಮಳೆ, ಚಳಿ, ಹಸಿವು, ದೂರದ ಪ್ರಯಾಣ, ಇಕ್ಕಟ್ಟು ಇವುಗಳಿಂದ ಪ್ರಾಣಿ ಸೋತಾಗ ತಲೆಯೆತ್ತಿ ರಕ್ತಕ್ಕೆ ನುಗ್ಗುತ್ತದೆ. ಗಂಟಲು ಬಾತು, ಜ್ವರ ಏರಿ, ಉಸಿರು ಕಟ್ಟಿ ಒಂದೆರಡು ದಿನದಲ್ಲಿ ಸಾವು. ಕೆಲವೊಮ್ಮೆ ಲಕ್ಷಣವೇ ಕಾಣದೆ ಬೆಳಿಗ್ಗೆ ಸತ್ತು ಬಿದ್ದಿರುತ್ತದೆ. ಮುಂಗಾರಿಗೆ ಮೊದಲು ಪಶುಪಾಲನಾ ಇಲಾಖೆಯವರು ಹಳ್ಳಿ ಹಳ್ಳಿಗೆ ಬಂದು ಎಮ್ಮೆ, ಆಕಳಿಗೆ ಚುಚ್ಚುವ ಲಸಿಕೆಗಳಲ್ಲಿ ಇದರದೂ ಒಂದು.

ಹಾಗಾದರೆ ಚಿಗರಿಗೂ ಚುಚ್ಚಬಹುದಿತ್ತಲ್ಲ? ರಾಮದುರ್ಗದ ಸಂತೆಯಲ್ಲಿ ಈ ಪ್ರಶ್ನೆ ಕೇಳದವರಿಲ್ಲ, ಪ್ರಶ್ನೆ ನ್ಯಾಯವಾದದ್ದೇ. ಕೊಟ್ಟಿಗೆಯ ಎಮ್ಮೆ ಹಗ್ಗಕ್ಕೆ ಬಗ್ಗುತ್ತದೆ, ಚಿಗರಿ ಬಗ್ಗುವುದಿಲ್ಲ. ಅದನ್ನು ಅಟ್ಟಿ ಹಿಡಿದರೆ ದಿಗಿಲಿಗೇ ಸ್ನಾಯುಗಳು ಒಡೆದು, ಹೃದಯ ನಿಂತು ಸಾಯುವುದುಂಟು. ಲಸಿಕೆ ಹಾಕಲು ಹೋಗಿ ಹತ್ತು ಸತ್ತರೆ ಅದಕ್ಕೂ ತನಿಖೆಯಾಗುತ್ತದೆ. ಹೀಗಾಗಿ ಬೇಲಿಯ ಸುತ್ತಲಿನ ಊರುಗಳ ದನಕರುಗಳಿಗೆ ಲಸಿಕೆ ಹಾಕಿ ರೋಗವನ್ನು ಹೊರಗೇ ತಡೆಯುವುದು ರೂಢಿಯ ದಾರಿ. ಆ ಕೆಲಸ ಮೃಗಾಲಯದ ಒಳಗೆ ನಡೆಯುವಂಥದ್ದಲ್ಲ, ಎರಡು ಇಲಾಖೆಗಳು ಕೂಡಿ ಮಾಡಬೇಕಾದದ್ದು. ನಮ್ಮ ಆಡಳಿತದಲ್ಲಿ ಎರಡು ಇಲಾಖೆಗಳ ನಡುವಿನ ಗಡಿ ಮೃಗಾಲಯದ ಬೇಲಿಗಿಂತ ಗಟ್ಟಿ.

ಮುಚ್ಚುವ ಪಂಥದವರು ಇಲ್ಲಿ ಒಂದು ವಿಷಯ ಗಮನಿಸಬೇಕು. 2015ರ ಮೇ ತಿಂಗಳಲ್ಲಿ ಕಜಕಸ್ತಾನದ ಹುಲ್ಲುಗಾವಲಿನಲ್ಲಿ ಇದೇ ಬ್ಯಾಕ್ಟೀರಿಯಾದಿಂದ ಮೂರೇ ವಾರದಲ್ಲಿ 2 ಲಕ್ಷಕ್ಕೂ ಹೆಚ್ಚು ಸೈಗಾ ಚಿಗರಿಗಳು ಸತ್ತವು. ಜಗತ್ತಿನಲ್ಲಿ ಇದ್ದ ಸೈಗಾಗಳ ಅರ್ಧಕ್ಕಿಂತ ಹೆಚ್ಚು. ಅಲ್ಲಿ ಬೇಲಿ ಇರಲಿಲ್ಲ, ಟಿಕೆಟ್ ಇರಲಿಲ್ಲ, ಶಾಲಾ ಮಕ್ಕಳ ಸಿಳ್ಳೆ ಇರಲಿಲ್ಲ. 2018ರಲ್ಲಿ ಬಂದ ಅಧ್ಯಯನ, ಆ ಕೆಲವು ದಿನ ಎಂದಿಗಿಂತ ಹೆಚ್ಚಿದ್ದ ತೇವ ಮತ್ತು ಬಿಸಿಯ ಕಡೆ ಬೊಟ್ಟು ಮಾಡಿತು. ಆರಾಮವಾಗಿ ಒಳಗಿದ್ದ ಬ್ಯಾಕ್ಟೀರಿಯಾ ಹವಾಮಾನದ ಒಂದು ತಿರುವಿನಲ್ಲಿ ಮಾರಕವಾಯಿತು. ಅಂದಮೇಲೆ 31 ಸಾವನ್ನು ಬಂಧನದ ತಪ್ಪೆಂದೇ ಬರೆದುಬಿಡುವುದು ಸರಿಯಲ್ಲ.

ಇದನ್ನೇ ಹಿಡಿದು ಅಧಿಕಾರಿಗಳು ಪಾರಾಗಲೂ ಬಾರದು. ಸೈಗಾಗಳಿಗೆ ಕಾವಲುಗಾರರಿರಲಿಲ್ಲ, ಈ 38ಕ್ಕೆ ಇದ್ದರು. ಬೇಲಿ ಹಾಕಿದವನು ಬೇಲಿಯೊಳಗಿನ ಸೋಂಕಿಗೂ ಹೊಣೆ. ಮೊದಲ ಸಾವಿಗೂ ಎರಡನೆಯ ಅಲೆಗೂ ನಡುವಿನ ಎರಡು ದಿನ ಇಡೀ ಪ್ರಕರಣದ ಕೇಂದ್ರ ಎಂದು ನನಗೆ ತೋರುತ್ತದೆ. ಮೊದಲ 8 ಸತ್ತ ದಿನವೇ ಅನುಭವಿ ವನ್ಯಜೀವಿ ವೈದ್ಯರು ಅಲ್ಲಿದ್ದರೆ, ಉಳಿದವನ್ನು ಬೇರ್ಪಡಿಸಿ ಔಷಧಿ ಶುರು ಮಾಡಿದ್ದರೆ, 20 ಉಳಿಯುತ್ತಿದ್ದವೇ? ಗಳಲೆ ರೋಗದ ವೇಗ ನೋಡಿದರೆ ಎಲ್ಲವೂ ಉಳಿಯುತ್ತಿರಲಿಲ್ಲ. ಕೆಲವಾದರೂ ಉಳಿಯಬಹುದಿತ್ತು. ಕಿರು ಮೃಗಾಲಯದ ಮೇಲಿನ ಚರ್ಚೆ ಎಕರೆಗಳ ಸುತ್ತ, ಸಿಂಹಗಳ ಸುತ್ತ ಸುತ್ತುತ್ತದೆ. ಮಂಗಳವಾರ, ವಾರದ ರಜೆಗೆ ಗೇಟು ಮುಚ್ಚಿದ ದಿನ, ಹಿಂಡನ್ನು ಕಣ್ಣಿಟ್ಟು ನೋಡುವವರು ಯಾರು, ಅವರು ಫೋನು ಮಾಡಿದರೆ ಎಷ್ಟು ಗಂಟೆಯಲ್ಲಿ ಯಾರು ಬರುತ್ತಾರೆ ಎಂಬುದರ ಮೇಲೆ ನಿಂತಿದೆ ಪ್ರಾಣಿಯ ಬದುಕು.

ಇನ್ನೂ ಬಗೆಹರಿಯದ್ದು

ಕೆಲವು ಪ್ರಶ್ನೆಗಳಿಗೆ ವಿಜ್ಞಾನವೇ ಇನ್ನೂ ಉತ್ತರ ಕೊಟ್ಟಿಲ್ಲ. ಹಿಡಿಯದೆ ಚಿಗರಿಗೆ ಲಸಿಕೆ ಹಾಕುವ ಸುಲಭದ, ನೆಚ್ಚಬಹುದಾದ ದಾರಿ ಸಣ್ಣ ಮೃಗಾಲಯಗಳ ಕೈಗೆ ಬಂದಿಲ್ಲ. ಒಂದು ಬೇಲಿಯಲ್ಲಿ ಎಷ್ಟು ಚಿಗರಿ ಇದ್ದರೆ ಇಕ್ಕಟ್ಟು, ಎಷ್ಟಿದ್ದರೆ ಹಿಂಡು ಎಂಬುದಕ್ಕೆ ನಿಯಮದ ಅಳತೆ ಇದೆಯೇ ಹೊರತು, ಆ ಅಳತೆಯಲ್ಲಿ ಅವುಗಳ ದಿಗಿಲು ಎಷ್ಟು ಎಂದು ಅಳೆದವರು ಕಡಿಮೆ. ಜನಜಂಗುಳಿ ಎಲ್ಲ ಪ್ರಾಣಿಗಳನ್ನೂ ಒಂದೇ ರೀತಿ ಕಾಡುತ್ತದೆಯೇ? ಕೋವಿಡ್ ಕಾಲದಲ್ಲಿ ಜನ ಬಾರದಿದ್ದಾಗ ನಡೆದ ಅಧ್ಯಯನಗಳು ಬೇರೆ ಬೇರೆ ಪ್ರಾಣಿಗೆ ಬೇರೆ ಬೇರೆ ಉತ್ತರ ಕೊಟ್ಟಿವೆ.

ಉಳಿದವು ನಾವು ನಿರ್ಧರಿಸಬೇಕಾದವು. ಕಿರು ಮೃಗಾಲಯಕ್ಕೆ ಬಂದುಹೋಗುವ ವೈದ್ಯರು ಸಾಕೆಂಬ ರಿಯಾಯಿತಿ ಹುಲಿ ಸಿಂಹ ಇರುವ ತಾಣಕ್ಕೂ ಇರಬೇಕೇ? ಬೆಳಗಾವಿ, ಗದಗ, ಕಲಬುರಗಿ, ಹಂಪಿಯ ಮೃಗಾಲಯಗಳಿಗೆ ಕೂಡಿ ಒಂದು ರೋಗಪತ್ತೆ ಪ್ರಯೋಗಾಲಯ ಉತ್ತರ ಕರ್ನಾಟಕದಲ್ಲೇ ಏಕಾಗಬಾರದು? ಸಿಂಹದ ಟಿಕೆಟ್ಟಿಲ್ಲದೆ ಈ ಸೀಮೆಯದೇ ತೋಳ, ನರಿ, ಚಿಗರಿ, ಮೊಸಳೆಗಳ ಆಸರೆಯ ತಾಣವೊಂದನ್ನು ರಾಜ್ಯದ ಬಜೆಟ್ಟು ಸಾಕೀತೇ? ನನ್ನ ಮಟ್ಟಿಗೆ ಉತ್ತರ ಸ್ಪಷ್ಟವಿದೆ: ಭೂತರಾಮನಹಟ್ಟಿ ಉಳಿಯಲಿ, ಈಗಿರುವ ಹುಲಿ ಸಿಂಹಗಳ ಬದುಕು ಅಲ್ಲೇ ಸಾಗಲಿ, ಹೊಸದನ್ನು ತರುವುದು ನಿಲ್ಲಲಿ, ಕಾಯಂ ವೈದ್ಯರು ಬರಲಿ. ಇದಕ್ಕೆ ಒಪ್ಪದವರು ಬಹಳ ಮಂದಿ ಇದ್ದಾರೆ, ಅವರ ವಾದಗಳನ್ನೂ ಮೇಲೆ ಇಟ್ಟಿದ್ದೇನೆ.

ಓದುಗರಲ್ಲಿ ಕೇಳಿಕೊಳ್ಳುವುದು ಒಂದಿದೆ. ಪ್ರತಿ ಮೃಗಾಲಯವೂ ವರ್ಷದಲ್ಲಿ ಎಷ್ಟು ಪ್ರಾಣಿ ಹುಟ್ಟಿದವು, ಎಷ್ಟು ಸತ್ತವು, ಎಷ್ಟು ಬಂದವು, ಹೋದವು ಎಂಬ ಲೆಕ್ಕವನ್ನು ಕೇಂದ್ರ ಪ್ರಾಧಿಕಾರಕ್ಕೆ ಕೊಡಲೇಬೇಕು. ಅದೇ ಲೆಕ್ಕವನ್ನು ಕನ್ನಡದಲ್ಲಿ ಬರೆದು ಟಿಕೆಟ್ ಕೊಡುವ ಕಿಟಕಿಯ ಪಕ್ಕ ಹಚ್ಚಲು ಹೆಚ್ಚು ಖರ್ಚಿಲ್ಲ. ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಬಿಂಕದಕಟ್ಟಿಗೋ ಭೂತರಾಮನಹಟ್ಟಿಗೋ ಹೋದಾಗ, ಟಿಕೆಟ್ ಕೊಳ್ಳುವ ಮುಂಚೆ ಆ ಪಟ್ಟಿ ಎಲ್ಲಿದೆ ಎಂದು ಕೇಳಿರಿ.